ಹಳ್ಳದ ದಂಡೆಯ ಬಚ್ಚಲು

ಹಳ್ಳದ ಕಡೆಯ ಗೋಡೆಗಳಿಗೆ ಕೆಂಪು ಗೀಟು ಹೊಡೆದು ಹೋದ ದಿನ ಓಣಿಯ ಹೆಂಗಸರೆಲ್ಲ ನನ್ನ ಹಿತ್ತಲಿಗೆ ಬಂದರು. ಗೀಟು ನನ್ನ ಬಚ್ಚಲ ಮನೆಯ ನಟ್ಟನಡುವೆ ಹಾದುಹೋಗಿತ್ತು. ಅದನ್ನು ನೋಡಲೆಂದೇ ಬಂದಿದ್ದರು. ಒಬ್ಬಾಕೆ ಸೆರಗನ್ನು ಬಾಯಿಗೆ ಒತ್ತಿಕೊಂಡು ನಕ್ಕಳು. ನಗಲಿ ಬಿಡಿ, ಅವಳ ಜಾಗದಲ್ಲಿ ನಾನಿದ್ದರೂ ನಗುತ್ತಿದ್ದೆ. ಹಳ್ಳ ಸ್ವಚ್ಛ ಮಾಡಿ, ದಂಡೆಗೆ ಗಿಡ ಹಚ್ಚಿ, ಊರಿನವರಿಗೆ ನಾಲ್ಕು ಹೆಜ್ಜೆ ಅಡ್ಡಾಡಲು ಒಂದು ಜಾಗ ಮಾಡಿಕೊಡಿ ಎಂದು ಮನೆಮನೆ ತಿರುಗಿ ಸಹಿ ಹಾಕಿಸಿದವಳು ನಾನೇ.

ನಮ್ಮದು ಬೈಲಹೊಂಗಲದಿಂದ ಸವದತ್ತಿಗೆ ಹೋಗುವ ಕಡೆಯ ಒಂದು ಸಣ್ಣ ಪೇಟೆ. ಗಂಡ ಅರಳೆ ವ್ಯಾಪಾರಿಗಳ ಹತ್ತಿರ ಕೆಲಸಕ್ಕಿದ್ದಾರೆ, ನಾನು ಮನೆಯಲ್ಲೇ ಕುಬಸ ಹೊಲಿಯುತ್ತೇನೆ. ಮಾತು ಬಲ್ಲವನಿಗೆ ಜಗಳವಿಲ್ಲ ಅನ್ನುತ್ತಾರೆ. ನನಗೆ ಮಾತು ಚೆನ್ನಾಗಿಯೇ ಬರುತ್ತದೆ, ಜಗಳ ಮಾತ್ರ ಒಂದು ದಿನವೂ ತಪ್ಪಿಲ್ಲ.

ದೊಡವಾಡದಿಂದ ಸೊಸೆಯಾಗಿ ನಾನು ಈ ಮನೆಗೆ ಬಂದಾಗ ಹಿತ್ತಲಿನ ಆಚೆ ಇದ್ದದ್ದು ಹಳ್ಳವೇ. ಬೇಸಿಗೆಯಲ್ಲಿ ಉಸುಕು ಬಗೆದರೆ ನೀರು ಒಸರುತ್ತಿತ್ತು, ಬಟ್ಟಲಿನಿಂದ ಮೊಗೆದು ಕೊಡ ತುಂಬಿಕೊಂಡು ಬರುತ್ತಿದ್ದೆವು. ಆಮೇಲೆ ಉಸುಕು ಟ್ರ್ಯಾಕ್ಟರುಗಳಲ್ಲಿ ಹೋಯಿತು. ಮನೆಗೆ ನಳ ಬಂತು. ನಳ ಬಂದ ಮೇಲೆ ಹಳ್ಳದ ಹಂಗು ಯಾರಿಗೆ ಬೇಕು? ಓಣಿಯ ಮನೆಗಳೆಲ್ಲ ಅದಕ್ಕೆ ಬೆನ್ನು ತಿರುಗಿಸಿ ಬೆಳೆದವು. ಒಂದೊಂದು ಬಚ್ಚಲಿನ ಪೈಪೂ ಹಳ್ಳಕ್ಕೇ ಬಿತ್ತು. ನೀರು ಕಪ್ಪಾಯಿತು, ಆಪು ಹುಲ್ಲು ಬೆಳೆಯಿತು, ಹಂದಿ ಹೊಕ್ಕವು. ಕೊನೆಗೆ ಹೆಸರೂ ಉಳಿಯಲಿಲ್ಲ. ಸಣ್ಣ ಮಕ್ಕಳು ಅದನ್ನು ಗಟಾರ ಅಂತಲೇ ಕರೆಯುತ್ತ ದೊಡ್ಡವರಾದರು. ನನಗೆ ಸಿಟ್ಟು ಬಂದದ್ದು ವಾಸನೆಗಲ್ಲ, ಆ ಹೆಸರಿಗೆ.

ಕೆಲಸ ಮಂಜೂರಾದಾಗ ಕಿತ್ತೂರು ಕಡೆಯ ಒಬ್ಬ ಎಳೆ ವಯಸ್ಸಿನ ಎಂಜಿನಿಯರ್ ಬಂದು ಎಲ್ಲರನ್ನೂ ಕೂಡಿಸಿ ಹೇಳಿದ. ದಂಡೆಯ ಗುಂಟ ಒಂದು ದೊಡ್ಡ ಪೈಪು ಹಾಕುತ್ತಾರೆ, ಮನೆಗಳ ಹೊಲಸು ನೀರೆಲ್ಲ ಅದರಲ್ಲಿ ಊರಾಚೆ ಹೋಗುತ್ತದೆ. ಪೈಪು ಮುಚ್ಚಿದ ಜಾಗದ ಮೇಲೆ ನಡೆಯುವ ಹಾದಿ, ಬೆಂಚು, ಹೊಂಗೆ ಗಿಡ. ಹಳ್ಳದಲ್ಲಿ ಮಳೆನೀರು, ಒರತೆ ನೀರು ಅಷ್ಟೇ. ಅದಕ್ಕೆ ಹಿತ್ತಲುಗಳು ಹಳ್ಳದೊಳಗೆ ಚಾಚಿಕೊಂಡ ಪಟ್ಟಿ ಪೂರಾ ಬಿಟ್ಟುಕೊಡಬೇಕು.

“ನಡುವ ಒಂದ ಗ್ವಾಡಿ ನಿಂತ್ರೂ ಪೈಪಿಗೆ ಇಳಿಜಾರ ಸಿಗೂದಿಲ್ರಿ ಅವ್ವಾರ” ಅಂದ. “ಹಂಗಾತಂದ್ರ ಬ್ಯಾರೆ ದಾರಿ ಇಲ್ಲ. ಮ್ಯಾಲ ಕಾಂಕ್ರೀಟ್ ಚಪ್ಪಡಿ ಎಳದು ಹಳ್ಳ ಮುಚ್ಚೂದ.”

ಚಪ್ಪಡಿಯೇ ಆಗಲಿ ಅನ್ನುವವರೂ ಇದ್ದರು. ಅವರಲ್ಲಿ ಮೊದಲನೆಯವಳು ನಮ್ಮ ಪಕ್ಕದ ಮನೆಯ ಅಕ್ಕ. ಒಡಹುಟ್ಟಿದ ಅಕ್ಕನಲ್ಲ, ಆದರೆ ಎರಡು ಮನೆಗೂ ನಡುವೆ ಒಂದೇ ಗೋಡೆ. ವಯಸ್ಸಿನಲ್ಲಿ ಹಿರಿಯಳು, ಗಂಡ ಹೆಂಡತಿ ಇಬ್ಬರೇ, ಮಕ್ಕಳಾಗಲಿಲ್ಲ. ಆಗಷ್ಟೇ ಬಚ್ಚಲಿಗೆ ನೆಲದಿಂದ ಮಾಡಿನವರೆಗೆ ಬಿಳಿ ಟೈಲ್ಸ್ ಹಚ್ಚಿಸಿದ್ದಳು. ಯಾರು ಮನೆಗೆ ಬಂದರೂ ಮೊದಲು ಬಚ್ಚಲು ತೋರಿಸಿ ಆಮೇಲೆ ಚಹಾ ಕೊಡುತ್ತಿದ್ದಳು. ಗೀಟು ಅದರ ಮೇಲೂ ಬಿದ್ದಿತ್ತು.

“ಶಾಸ್ತ್ರ ಹೇಳಾಕ, ಬದನಿಕಾಯಿ ತಿನ್ನಾಕ ಅಂತ. ನಿನ್ನದ ಮೊದಲ ಒಡಸು ತಂಗಿ, ಆಮ್ಯಾಲ ನಮ್ಮದರ ಮಾತ” ಅಂದಳು ನನಗೆ, ಎಲ್ಲರೆದುರಿಗೆ.

“ಒಡಸತೇನ್ರಿ ಅಕ್ಕಾರ” ಅಂದೆ. ಅನ್ನುವುದು ಎಷ್ಟು ಹಗುರ! ಒಳಗೆ ಪಡಸಾಲೆಯಲ್ಲಿ ನನ್ನ ಮಗಳು ತುಂಬು ಬಸುರಿ ಮಲಗಿದ್ದಳು.

ಮಗಳನ್ನು ಕೊಟ್ಟದ್ದು ರಾಮದುರ್ಗಕ್ಕೆ. ಒಳ್ಳೆಯ ಮನೆ, ತುಂಬಿದ ಮನೆ, ಬೆಳಗಿನಿಂದ ಒಲೆ ಆರದ ಮನೆ. ಚೊಚ್ಚಲ ಹೆರಿಗೆಗೆ ತವರಿಗೆ ಬಂದವಳು ಮೊದಲ ದಿನವೇ ನನ್ನ ಕೈಹಿಡಿದು ಹೇಳಿದ್ದಳು: “ಅವ್ವಾ, ಐದ ತಿಂಗಳ ತುಂಬೂತನಕ ನನ್ನ ಕಳಸಬ್ಯಾಡ. ಲಗ್ನ ಆದಾಗಿಂದ ಒಂದ ದಿನ ಹೊತ್ತೇರೂತನಕ ಮಲಗಿಲ್ಲ.” ಕಳಿಸುವುದಿಲ್ಲ ಅಂದೆ. ಬೀಗತಿಯೂ, ಅಂದರೆ ಮಗಳ ಅತ್ತೆ, ಆಯಿತು ಅಂದಿದ್ದರು, ಸ್ವಲ್ಪ ಮುಖ ಸಣ್ಣ ಮಾಡಿಕೊಂಡು. ಅಂಟಿನ ಉಂಡಿಗೆ ಕೊಬ್ಬರಿ, ನೀರೊಲೆಗೆ ಹತ್ತಿಕಟ್ಟಿಗೆ, ಎಲ್ಲ ಕೂಡಿಹಾಕಿದ್ದೆ.

ಹೆರಿಗೆ ಹೇಳಿದ ದಿನಕ್ಕಿಂತ ಮೊದಲೇ ಆಯಿತು, ಕಷ್ಟದ್ದೂ ಆಯಿತು. ಹೆಣ್ಣು ಕೂಸು. ಮಗಳಿಗೆ ರಕ್ತ ಬಹಳ ಹೋಗಿ ಬೈಲಹೊಂಗಲದ ಆಸ್ಪತ್ರೆಯಲ್ಲಿ ಕೆಲವು ದಿನ ಇಟ್ಟುಕೊಂಡರು. ಬುತ್ತಿ ಒಯ್ಯಲು ಒಂದು ಮುಂಜಾನೆ ನಾನು ಮನೆಗೆ ಬಂದರೆ ಹಿತ್ತಲಲ್ಲಿ ಜೆಸಿಬಿ ನಿಂತಿದೆ.

ಮೇಲಿನ ಮನೆಗಳು ಮುಗಿದಿದ್ದವು. ಇನ್ನು ನನ್ನದು, ಆಮೇಲೆ ಅಕ್ಕನದು, ಅದರಾಚೆ ನಾಲ್ಕಾರು ಮನೆ. ಓಣಿ ಪೂರಾ ಹಿತ್ತಲ ಗೋಡೆಗಳ ಮೇಲೆ ಮುಖ ಇಟ್ಟುಕೊಂಡು ನಿಂತಿತ್ತು. ಎಂಜಿನಿಯರ್ ಪಾಪ, ತಲೆ ಕೆರೆದುಕೊಂಡು, “ಮನ್ಯಾಗ ಬಾಣಂತಿ ಅದಾರಂತ, ಏನ ಮಾಡೂದ್ರಿ?” ಅಂದ. ನನ್ನ ಗಂಡ ಹೆಚ್ಚು ಮಾತಾಡುವವರಲ್ಲ. ಅವತ್ತು ಆಡಿದರು: “ಊರ ಉಸಾಬರಿ ನಿನಗ್ಯಾಕ ಬೇಕಿತ್ತ? ಪೋರಿ ನಾಳೆ ಬಂದ್ರ ಎಲ್ಲಿ ನೀರ ಎರೀತಿ?”

ಬಾಣಂತಿ ಇದ್ದಾಳೆ, ಐದು ತಿಂಗಳು ತಡೆಯಿರಿ ಎಂದರೆ ಯಾರೂ ತಪ್ಪು ತಿಳಿಯುತ್ತಿರಲಿಲ್ಲ. ಆದರೆ ನನ್ನದು ನಿಂತರೆ ಅಕ್ಕನದು ನಿಲ್ಲುತ್ತದೆ, ಅಕ್ಕನದು ನಿಂತರೆ ಮುಂದಿನವು ನಿಲ್ಲುತ್ತವೆ. ಒಬ್ಬರಿಗೆ ಬಾಣಂತಿ, ಇನ್ನೊಬ್ಬರಿಗೆ ಲಗ್ನ, ಮತ್ತೊಬ್ಬರಿಗೆ ಮೂಲೆಯ ದೇವರು. ನೆಪಕ್ಕೆ ಬರಗಾಲವಿಲ್ಲದ ಊರು ನಮ್ಮದು. “ಒಡೀರಿ” ಅಂದೆ. ಹಂಡೆಯನ್ನು ನಾನೇ ಹೊರಗೆ ಎತ್ತಿಟ್ಟೆ. ಗೋಡೆ ಬೀಳುವಾಗ ಆ ಕಡೆ ತಿರುಗಿ ನೋಡಲಿಲ್ಲ, ಬುತ್ತಿ ಕಟ್ಟಿಕೊಂಡು ಬಸ್ಸಿಗೆ ಹೋದೆ.

ಮಗಳು, ಕೂಸು ಮನೆಗೆ ಬಂದ ದಿನ ಅಂಗಳದಲ್ಲಿ ತಗಡು ಮರೆ ಮಾಡಿ ಎರೆಯುವ ಹವಣಿಕೆಯಲ್ಲಿದ್ದೆ. ಗಾಳಿ ಬೀಸುತ್ತಿತ್ತು, ತಗಡು ನಿಲ್ಲುತ್ತಿರಲಿಲ್ಲ. ಆಗ ಪಕ್ಕದ ಅಕ್ಕ ಬಂದಳು.

“ಹಸಿ ಮೈಯಾಕೀನ ಗಾಳ್ಯಾಗ ಎರೀತೀ? ಬುದ್ಧಿ ಎಲ್ಲಿಟ್ಟಿ? ನಮ್ಮ ಬಚ್ಚಲ ಐತಲ್ಲ. ಕರಕೊಂಡ ಬಾ. ನೀರ ನಾ ಕಾಯಸ್ತೇನಿ.”

ಹೇಳಬೇಕೆಂದರೆ ನನಗೆ ಅಳುವೇ ಬಂತು. ಇಷ್ಟು ದಿನ ಬೈದುಕೊಂಡವಳು, ಬಿಳಿ ಟೈಲ್ಸಿನ ಮೇಲೆ ಎಣ್ಣೆ ಅರಿಶಿನ ಬಿದ್ದರೂ ಚಿಂತೆಯಿಲ್ಲ ಅನ್ನುತ್ತಿದ್ದಾಳೆ. ಮಗಳ ತಲೆಗೆ ಬಟ್ಟೆ ಬಿಗಿದು, ಕಿವಿಗೆ ಅರಳೆ ಇಟ್ಟು ಕರೆದುಕೊಂಡು ಹೋದೆ. ಅಕ್ಕ ಕಾಲು ಚಾಚಿ ಕೂತು ಕೂಸನ್ನು ಮೊಣಕಾಲ ಮೇಲೆ ಮಲಗಿಸಿಕೊಂಡು ಎರೆದಳು. ಆಸ್ಪತ್ರೆಯಲ್ಲಿ ನೀರು ಕಂಡರೆ ಚಿಟ್ಟನೆ ಚೀರುತ್ತಿದ್ದ ಕೂಸು ಅವಳ ಕಾಲ ಮೇಲೆ ಸುಮ್ಮನೆ ಮಲಗಿತ್ತು.

ಮರುದಿನ ಜೆಸಿಬಿ ಅಕ್ಕನ ಗೋಡೆಗೆ ಬಂತು. ಅಕ್ಕ ಹಿತ್ತಲ ಬಾಗಿಲಲ್ಲಿ ನಿಂತು, ದನಿ ಏರಿಸದೆ ಹೇಳಿದಳು: “ಒಳಗ ಬಾಣಂತಿ ಎರಕೊಳ್ಳಾಕ ಹತ್ಯಾಳ. ಬಚ್ಚಲ ಪೂಜಿ ಆಗೂತನಕ ಮುಟ್ಟಂಗಿಲ್ಲ.”

ನಮ್ಮ ಕಡೆ ಬಾಣಂತನ ಮುಗಿಸಿ ಗಂಡನ ಮನೆಗೆ ಹೊರಡುವ ಮುನ್ನ ಮಗಳು ತಾನು ಎರೆದುಕೊಂಡ ಬಚ್ಚಲಿಗೆ ಪೂಜೆ ಮಾಡುತ್ತಾಳೆ. ಹಂಡೆಗೆ, ನೀರೊಲೆಗೆ ಅರಿಶಿನ ಕುಂಕುಮ ಹಚ್ಚಿ, ಇಷ್ಟು ದಿನ ಕಾಯ್ದಿ, ಇನ್ನು ಹೋಗಿ ಬರುತ್ತೇನೆ ಎಂದು ಕೈಮುಗಿಯುತ್ತಾಳೆ. ಆ ಮನೆಯ ಮುತ್ತೈದೆ ಅವಳ ಉಡಿ ತುಂಬುತ್ತಾಳೆ. ಅದು ಆಗುವ ಮೊದಲು ಆ ಬಚ್ಚಲಿನ ಒಂದು ಕಲ್ಲು ಕದಲಿಸಲು ನಮ್ಮೂರಿನಲ್ಲಿ ಯಾರಿಗೂ ಧೈರ್ಯವಿಲ್ಲ. ಜೆಸಿಬಿ ನಡೆಸುವವನೂ ನಮ್ಮ ಸೀಮೆಯವನೇ. ಕೈಮುಗಿದು ಗಾಡಿ ಹಿಂದಕ್ಕೆ ತಿರುಗಿಸಿದ.

ಆಗ ನನಗೆ ಬುದ್ಧಿ ಬಂತು. ನನ್ನ ಮಗಳನ್ನೇ ತನ್ನ ಟೈಲ್ಸಿಗೆ ಕಾವಲು ಕೂಡಿಸಿದ್ದಳು! ಮೈಯೆಲ್ಲ ಉರಿಯಿತು. ಆದರೆ ಏನು ಅನ್ನುವುದು? ದಿನಾ ಬೆಳಗ್ಗೆ ಮಗಳನ್ನು ಅವಳ ಬಚ್ಚಲಿಗೇ ಕರೆದೊಯ್ಯಬೇಕು. ಉಂಡ ಮನೆಯ ಗಳ ಎಣಿಸುವುದು ಹೇಗೆ? ಅವಳು ನೀರು ಹದ ಮಾಡುತ್ತಿದ್ದಳು, ನಾನು ಮಗಳ ಬೆನ್ನಿಗೆ ಎಣ್ಣೆ ತಿಕ್ಕುತ್ತಿದ್ದೆ. ಇಬ್ಬರೂ ಕೂಸಿನ ಜೊತೆ ಮಾತ್ರ ಮಾತಾಡುತ್ತಿದ್ದೆವು. “ನಿಮ್ಮವ್ವನ ಅವ್ವ ಸೊಟ್ಟ ಮಾರಿ ಮಾಡ್ಯಾಳ ನೋಡ” ಅಂತ ಅವಳು. “ನಿಮ್ಮ ಬಾಜೂಮನಿ ಆಯಿಗೆ ನಾಟಕ ಭಾಳ ಬರತಾವ ನೋಡ” ಅಂತ ನಾನು. ನಡುವೆ ಮಗಳು ಕಣ್ಣು ಮುಚ್ಚಿ ಕೂತಿರುತ್ತಿದ್ದಳು.

ಪೈಪು ಅಕ್ಕನ ಗೋಡೆಗೆ ಬಂದು ನಿಂತುಬಿಟ್ಟಿತು. ಕೆಳಗಿನ ಮನೆಗಳವರು, ಅಕ್ಕನದು ಬಿದ್ದ ಮೇಲೆ ನಮ್ಮದು ಅಂದರು. ನನ್ನ ಬಚ್ಚಲಿದ್ದ ಜಾಗದಲ್ಲಿ ಅಗೆದ ಗುಂಡಿ ಬಾಯಿ ತೆರೆದುಕೊಂಡು ಬಿದ್ದಿತ್ತು, ಹೊಲಸು ನೀರು ಅದರಲ್ಲೇ ಮಡುಗಟ್ಟಿ ವಾಸನೆ ಮೊದಲಿಗಿಂತ ಹೆಚ್ಚಾಯಿತು. ಬಾಣಂತಿಯ ಕೋಣೆಗೆ ಸೊಳ್ಳೆ ನುಗ್ಗಿದವು. ಸಹಿ ಹಾಕಿದ ಹೆಂಗಸರೇ ನನ್ನನ್ನು ಕಂಡರೆ ದಾರಿ ಬದಲಿಸಿದರು. ಮುಂಗಾರಿನ ಮೋಡ ಕೂಡುತ್ತಿದ್ದವು. ಮಳೆ ದೊಡ್ಡದಾಗಿ ಬಂದರೆ ಆ ಗುಂಡಿ ನೀರೆಲ್ಲ ನಮ್ಮ ಅಡುಗೆಮನೆಗೇ. ರಾತ್ರಿ ಗುಡುಗಿದರೆ ಎದ್ದು ಹೋಗಿ ಗುಂಡಿ ನೋಡಿ ಬರುತ್ತಿದ್ದೆ.

ಒಂದು ಸಂಜೆ ಎಂಜಿನಿಯರ್ ಮತ್ತೆ ಬಂದ. ಗುತ್ತಿಗೆದಾರ ಮಳೆಗೆ ಮುಂಚೆ ಯಂತ್ರಗಳನ್ನು ಮುನವಳ್ಳಿಯ ಕೆಲಸಕ್ಕೆ ಒಯ್ಯುತ್ತಾನಂತೆ. “ಈ ವಾರದಾಗ ಜಾಗಾ ಸಿಗಲಿಲ್ಲಂದ್ರ ನನ್ನ ಕಡಿಂದ ಆಗೂದಿಲ್ರಿ. ಚಪ್ಪಡಿಗೆ ಬರದ ಕೊಡತೇನಿ.” ಅವನ ದನಿಯಲ್ಲಿ ಬೇಸರವಿತ್ತು, ಸಿಟ್ಟಿರಲಿಲ್ಲ.

ನನಗೆ ಮಾತ್ರ ತಡೆಯಲಾಗಲಿಲ್ಲ. ಹಿತ್ತಲ ಗೋಡೆಯ ಮೇಲಿಂದ ಕೂಗಿದೆ: “ಕೇಳಿದ್ರಿಲ್ಲ ಅಕ್ಕಾರ? ನಿಮ್ಮ ಒಂದ ಬಚ್ಚಲಕ್ಕ ಊರ ಹಳ್ಳ ಮಣ್ಣಾಗೂದು!”

“ನನ್ನ ಬಚ್ಚಲಕ್ಕಲ್ಲ, ನಿನ್ನ ಮಗಳ ಬಾಣಂತನಕ್ಕ” ಅಂದಳು. ಓಣಿಯ ಜನ ಕೂಡಿದ್ದರು. ಅವಳೂ ಕೆರಳಿದ್ದಳು. “ಪೂಜಿ ಆಗಲಿ, ಆವತ್ತ ನಾನ ನಿಂತ ಒಡಸತೇನಿ. ಇಲ್ಲಂದ್ರ ಕೇಳು!”

“ಎಲ್ಲಾರೂ ಕೇಳಿದ್ರಿಲ್ಲ?” ಅಂದೆ ನಾನು. ಅಂದದ್ದು ಬರೀ ಮಾತಿನ ಚಟಕ್ಕೆ. ಪೂಜೆಗೆ ಇನ್ನೂ ತಿಂಗಳುಗಳಿದ್ದವು, ಅದು ಅವಳಿಗೂ ಗೊತ್ತು, ನನಗೂ ಗೊತ್ತು.

ಆದರೆ ಕೇಳಿದ್ದು ಓಣಿಯವರಷ್ಟೇ ಅಲ್ಲ. ಮರುದಿನ ಬೆಳಗ್ಗೆ ಎರೆದುಕೊಳ್ಳಲು ಹೊರಟಾಗ ಮಗಳು ನನ್ನೆದುರು ಕೈಯೊಡ್ಡಿದಳು. “ಅವ್ವಾ, ಅರಿಷಿಣ ಕುಂಕಮ ಕೊಡು. ಎಲಿ ಅಡಿಕಿ, ಒಂದ ಕಾಯಿ.”

“ಯಾಕ?”

“ಯಾಕಂತ ನಿನಗ ಗೊತ್ತೈತಿ. ಎಲ್ಲಾರ ಮುಂದ ಹಿಂಗ ಜಗಳಾಡೂದು ನೋಡಾಕ ಆಗವಲ್ದು. ನನ್ನ ಮುಂದ ಮಾಡಕೊಂಡ ಇನ್ನೊಬ್ಬರು ತಪ್ಪಿಸಿಕೊಳ್ಳೂದೂ ಬ್ಯಾಡ.”

“ಪೂಜಿ ಆದ್ರ ಬಾಣಂತನ ಮುಗದಂಗ” ಅಂದೆ.

“ಇಲ್ಲೇ ಇರತೇನಲ್ಲ. ಅಡಗಿಮನಿ ಮೂಲ್ಯಾಗ ಎರಿ. ರಾಮದುರ್ಗಕ್ಕ ಹೇಳಬ್ಯಾಡ, ಅಷ್ಟ.”

ಅರಿಶಿನ ಕುಂಕುಮದ ತಾಟು ನನ್ನ ಕೈಯಲ್ಲೇ ಇತ್ತು. ಕೊಡಬಾರದಿತ್ತು ಎಂದು ಅಂದುಕೊಂಡ ದಿನಗಳಿವೆ. ಕೊಟ್ಟೆ.

ಅವಳು ಎರೆದುಕೊಂಡು, ಒದ್ದೆ ಕೂದಲಿಗೆ ಬಟ್ಟೆ ಸುತ್ತಿ, ಹಂಡೆಗೆ ಅರಿಶಿನದ ಪಟ್ಟೆ ಎಳೆದು ಕುಂಕುಮ ಇಟ್ಟಳು. ಅಕ್ಕ ಕೂಸಿಗೆ ಬಿಸಿ ಮಾಡಿದ ಟವೆಲು ಹಿಡಿದು ಬಾಗಿಲಿಗೆ ಬಂದವಳು ಹಾಗೆಯೇ ನಿಂತಳು. “ಹುಚ್ಚಿ, ಇನ್ನೂ ಹಸಿ ಮೈ ಐತಿ” ಅಂದಳು ಮಗಳಿಗೆ. ಮಗಳು ಊದಿನಕಡ್ಡಿ ಬೆಳಗಿ, “ಉಡಿ ತುಂಬು ದೊಡ್ಡವ್ವಾ” ಎಂದು ಸೆರಗೊಡ್ಡಿದಳು. ಒಡ್ಡಿದ ಸೆರಗಿಗೆ ಇಲ್ಲ ಅನ್ನುವ ಮುತ್ತೈದೆ ನಮ್ಮಲ್ಲಿಲ್ಲ. ಅಕ್ಕ ಒಳಗೆ ಹೋಗಿ ಅಕ್ಕಿ, ಕೊಬ್ಬರಿ ಬಟ್ಟಲು, ಕುಬಸದ ಕಣ ತಂದಳು. ಉಡಿಗೆ ಹಾಕುವಾಗ ಅಕ್ಕಿ ಟೈಲ್ಸಿನ ಮೇಲೆ ಚೆಲ್ಲಿತು. ನಾನು ಗೆದ್ದಿದ್ದೆ, ಆದರೆ ಅವಳ ಮುಖ ನೋಡಲಾಗಲಿಲ್ಲ.

ಮಧ್ಯಾಹ್ನ ಅವಳೇ ನಿಂತು ಒಡೆಸಿದಳು. ಕೆಳಗಿನ ಮನೆಯ ಇಬ್ಬರು ಗಂಡಸರು ನನ್ನನ್ನು ತಡೆದು ಕೇಳಿದರು: “ಪೂಜಿ ಖರೇನ ಆಗೇತೋ, ಇಲ್ಲಾ ನಮ್ಮ ಗ್ವಾಡಿ ಬೀಳಸಾಕ ನಾಟಕೋ?”

“ಉಡಿ ತುಂಬಿದ್ದ ನಾನ ಕಣ್ಣಾರೆ ನೋಡೇನಿ. ಖರೇ ಪೂಜಿ” ಅಂದೆ ಎದೆತಟ್ಟಿ. ಗೊಣಗುತ್ತ ತಮ್ಮ ಹಿತ್ತಲು ಖಾಲಿ ಮಾಡತೊಡಗಿದರು.

ನಮ್ಮ ಸೀಮೆಯಲ್ಲಿ ಸುದ್ದಿಗೆ ಬಸ್ಸು ಬೇಕಿಲ್ಲ. ಎರಡು ದಿನ ಕಳೆಯುವುದರೊಳಗೆ ರಾಮದುರ್ಗದಿಂದ ಕಾರು ಬಂತು. ಬೀಗತಿ ಇಳಿದರು, ಕೂಸಿಗೆ ಹೊಸ ಕುಲಾವಿ, ನನಗೆ ಸೀರೆ. ನೀರು ಕುಡಿದು, ಕೂಸನ್ನು ಎತ್ತಿಕೊಂಡು, ನಗುತ್ತಲೇ ಕೇಳಿದರು:

“ಬಚ್ಚಲ ಪೂಜಿ ಆತಂತಲ್ರಿ ಬೀಗ್ರ? ನಮಗೊಂದ ಮಾತ ತಿಳಿಸೂದಲ್ಲ? ಇರಲಿ, ಕರಕೊಂಡ ಹೋಗಾಕ ಬಂದೇನಿ.”

“ಇನ್ನೂ ಐದ ತಿಂಗಳ ಎಲ್ಲಾಗ್ಯಾವ್ರಿ? ಪೋರಿ ಭಾಳ ಸೊರಗ್ಯಾಳ” ಅಂದೆ.

“ಸೊರಗ್ಯಾಳಂತ ನಿಮಗನಿಸಿದ್ರ ಪೂಜಿ ಯಾಕ ಮಾಡಸ್ತಿದ್ರಿ? ಪೂಜಿ ಮಾಡಿದ ಬಾಣಂತಿ ತವರ ಬಚ್ಚಲದಾಗ ಮತ್ತ ಕುಂದ್ರೂದುಂಟ? ನಿಮಗ ನಾ ಹೇಳಬೇಕೇನ್ರಿ? ಖರೇ ಪೂಜಿ ಆಗೇತಿಲ್ಲ, ಅಷ್ಟ ಹೇಳ್ರಿ.”

ಹಿತ್ತಲ ಬಾಗಿಲು ತೆರೆದೇ ಇತ್ತು. ಹೊರಗೆ ಜೆಸಿಬಿ ಕೆಳಗಿನ ಮನೆಯ ಗೋಡೆಗೆ ಕೊಕ್ಕೆ ಹಚ್ಚಿ ನಿಂತಿತ್ತು. ಆ ಇಬ್ಬರು ಗಂಡಸರು ಅಲ್ಲೇ, ಮಾತು ಕೇಳುವಷ್ಟು ದೂರದಲ್ಲಿ. ಅಕ್ಕನೂ ಬಂದು ಕಂಬಕ್ಕೆ ಆತು ನಿಂತಿದ್ದಳು, ಕಣ್ಣು ಕೂಸಿನ ಮೇಲೆ. ಮಗಳು ಕೋಣೆಯ ಬಾಗಿಲಿನಿಂದ ನನ್ನನ್ನೇ ನೋಡುತ್ತಿದ್ದಳು. ಒಂದು ಮಾತು ಸಾಕಿತ್ತು: ಅದು ಹಳ್ಳಕ್ಕಾಗಿ ಮಾಡಿದ್ದು, ಲೆಕ್ಕಕ್ಕಿಲ್ಲ. ಮಗಳು ಉಳಿಯುತ್ತಿದ್ದಳು. ಆದರೆ ಆ ಗಂಡಸರು ಅಲ್ಲಿಗೇ ಕೆಲಸ ನಿಲ್ಲಿಸುತ್ತಿದ್ದರು. ಮೇಲಾಗಿ ಮೋಸ ಮಾಡಿ ತನ್ನ ಬಚ್ಚಲು ಕೆಡವಿಸಿದೆನೆಂದು ಅಕ್ಕ ಬೀದಿ ಜಗಳಕ್ಕೆ ಇಳಿಯುತ್ತಾಳೆ, ಅದು ಖಂಡಿತ ಅಂದುಕೊಂಡೆ.

“ಆಗೇತ್ರಿ” ಅಂದೆ. “ಖರೇ ಪೂಜಿ.”

ಮಗಳು ಬಾಗಿಲಿನಿಂದ ಸರಿದು ಒಳಗೆ ಹೋದಳು. ಅವಳ ಸೀರೆಗಳನ್ನು ನಾನು ಮಡಿಚುತ್ತಿದ್ದಾಗ ಹೊರಗೆ ಗೋಡೆ ಬಿದ್ದ ಸದ್ದಾಯಿತು. ಕಾರು ಹತ್ತುವ ಮುಂಚೆ ಕಾಲಿಗೆ ನಮಸ್ಕಾರ ಮಾಡಿದಳು, “ನಿನ್ನ ಹಳ್ಳ ಚಂದ ಆಗಲಿ ಅವ್ವಾ” ಅಂದಳು. ಸಿಟ್ಟಿನಿಂದ ಅಂದಿದ್ದರೆ ಹಗುರಾಗುತ್ತಿತ್ತು. ಸಿಟ್ಟಿರಲಿಲ್ಲ. ಅವಳು ಹೋದ ಮೇಲೆ ಆ ಬಾಣಂತಿ ಹೊರಸಿನ ಮೇಲೆ ಬಿದ್ದುಕೊಂಡು ಗಂಡನೆದುರಿಗೇ ಅತ್ತೆ.

ಹಳ್ಳ ಮುಚ್ಚಲಿಲ್ಲ. ಈಗ ಅಲ್ಲಿ ಹಾದಿಯಾಗಿದೆ, ಬೆಂಚುಗಳಿವೆ. ಅರ್ಧ ಹೊಂಗೆ ಗಿಡ ಆಡಿನ ಪಾಲಾದವು, ಉಳಿದರ್ಧ ಮೊಣಕಾಲೆತ್ತರ ಬಂದಿವೆ. ಮಳೆಗಾಲದಲ್ಲಿ ನೀರು ತಿಳಿಯಾಗಿಯೇ ಹರಿಯುತ್ತದೆ, ಬೇಸಿಗೆಯಲ್ಲಿ ಅಲ್ಲಲ್ಲಿ ಮಡು. ಸಂಜೆ ಬೇರೆ ಓಣಿಗಳಿಂದಲೂ ಜನ ಬರುತ್ತಾರೆ, ಫೋಟೋ ತೆಗೆದುಕೊಳ್ಳುತ್ತಾರೆ. ಮಗಳು ಹಬ್ಬ ಹುಣ್ಣಿಮೆಗೆ ಬಂದು ಒಂದೆರಡು ದಿನ ಇದ್ದು ಹೋಗುತ್ತಾಳೆ. ಇನ್ನೂ ಸೊರಗಿಯೇ ಇದ್ದಾಳೆ. ಉಳಿದ ದಿನ ಕೂಸನ್ನು ಮೊಬೈಲಿನಲ್ಲಿ ನೋಡುವುದು.

ಮೊನ್ನೆ ಅಕ್ಕ, ನಾನು ಒಂದು ಬೆಂಚಿನ ಮೇಲೆ ಕೂತು ಕೂಸು ಹೆಜ್ಜೆ ಇಡುವ ವಿಡಿಯೋ ನೋಡುತ್ತಿದ್ದೆವು. ಅವಳು ಅದನ್ನು ಮತ್ತೆ ಮತ್ತೆ ಹಚ್ಚಿಸಿದಳು. ಆಮೇಲೆ ನೀರಿನ ಕಡೆ ನೋಡುತ್ತ, ನಿನ್ನೆಯ ಸಾರಿನ ಮಾತಾಡುವಷ್ಟು ಸಹಜವಾಗಿ ಅಂದಳು:

“ಆವತ್ತ ನಿನ್ನ ಬೀಗತಿ ಕೇಳಿದಾಗ ನೀ ಒಂದ ಸುಳ್ಳ ಹೇಳತಿ ಅಂತ ಮಾಡಿದ್ನಿ ತಂಗಿ. ಅದೇನ ಖರೇ ಪೂಜಿ ಅಲ್ರಿ ಅಂತ. ಆ ಗಂಡಸರನ್ನ ನಾ ನೋಡಕೋತಿದ್ನಿ.”

“ನೀವು ಬಿಡತಿದ್ರೇನ್ರಿ ನನ್ನ? ನಿಮ್ಮ ಬಚ್ಚಲ ಬಿದ್ದಿತ್ತಲ್ಲ” ಅಂದೆ.

“ಬಚ್ಚಲ ಹೆಂಗೂ ಬಿದ್ದಿತ್ತು” ಅಂದಳು. “ಕೂಸಾದ್ರೂ ನಮ್ಮ ಹತ್ರ ಇರತಿತ್ತು.”